ಸಿನಾರಿಯೊ: ಪೊಳ್ಳಿಲೂರಿನ ಕದನ ಆಟದ ಮೇಜಿಗೆ ಬರುವ ಬಗೆ

ಮೇಜಿನ ಮೇಲೆ ಪುಟ್ಟ ಬೊಂಬೆ ಸೈನಿಕರನ್ನು ನಡೆಸಿ ಕದನ ಆಡುವುದೇ ಮಿನಿಯೇಚರ್ ವಾರ್‌ಗೇಮ್. ಅದನ್ನು ಆಡುವವರಿಗೆ ರೂಲ್ಸ್ ಬೇರೆ, ಸಿನಾರಿಯೊ ಬೇರೆ. ಬಂದೂಕಿನ ಗುಂಡು ಎಷ್ಟು ದೂರ ಮುಟ್ಟುತ್ತದೆ, ಕುದುರೆ ದಳ ಒಂದು ಸರದಿಯಲ್ಲಿ ಎಷ್ಟು ಇಂಚು ಸಾಗುತ್ತದೆ, ಪೆಟ್ಟು ತಿಂದ ದಳ ಯಾವಾಗ ಚದುರುತ್ತದೆ ಎನ್ನುವುದೆಲ್ಲ ರೂಲ್ಸ್. ಒಂದು ಕಾಲದ ಯಾವ ಕದನಕ್ಕೂ ಅವು ಅವೇ. ಇಂಥ ದಿನ, ಇಂಥ ನೆಲ, ಇಷ್ಟು ಸೈನ್ಯ, ಯಾರು ಯಾವ ಕಡೆಯಿಂದ ಬರುತ್ತಾರೆ, ಏನಾದರೆ ಯಾರು ಗೆದ್ದಂತೆ ಎಂದು ಹೇಳುವ ಎರಡು ಮೂರು ಪುಟವೇ ಸಿನಾರಿಯೊ. ಒಳ್ಳೆಯ ಸಿನಾರಿಯೊ ಅಂದಿನ ಸೇನಾನಿಯ ಇಕ್ಕಟ್ಟನ್ನು ಇಂದಿನ ಆಟಗಾರನ ಕೈಗೆ ಕೊಡುತ್ತದೆ, ಅದರಿಂದ ಹೊರಬರುವ ದಾರಿಯನ್ನು ಅವನಿಗೇ ಬಿಡುತ್ತದೆ.

ಮೈಸೂರಿನ ಹೈದರ್ ಮತ್ತು ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಯ ಸೇನೆಗಳ ನಡುವೆ ಕಂಚಿಯ ಬಳಿ ನಡೆದ 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕದನವನ್ನೇ ನೋಡೋಣ. ಗುಂಟೂರಿನ ಕಡೆಯಿಂದ ಬರುತ್ತಿದ್ದ ಕಂಪನಿಯ ಕರ್ನಲ್ ಬೇಲಿಯ ತುಕಡಿ ಕಂಚಿಯಲ್ಲಿದ್ದ ಹೆಕ್ಟರ್ ಮನ್ರೊನ ಸೇನೆಯನ್ನು ಕೂಡಿಕೊಳ್ಳಬೇಕಿತ್ತು. ನದಿಯ ಪ್ರವಾಹ ಅದನ್ನು ಕೆಲವು ದಿನ ತಡೆಯಿತು. ಸೆಪ್ಟೆಂಬರ್ 6ರಂದು ಪೆರಂಬಾಕ್ಕಂ ಬಳಿ ಟಿಪ್ಪು ಎರಗಿದ. ಮನ್ರೊ ತಾನು ಹೊರಡದೆ ತನ್ನ ಅಧಿಕಾರಿ ಫ್ಲೆಚರ್‌ನ ಕೈಯಲ್ಲಿ ಸುಮಾರು ಸಾವಿರ ಜನರನ್ನು ಕಳಿಸಿದ. ಅವರು ಸೇರಿದ ಮೇಲೆ ಬೇಲಿಯ ಬಳಿ ಸುಮಾರು 3,800 ಜನ. 9ರ ರಾತ್ರಿ ಹೊರಟ ದಂಡು ನಡುದಾರಿಯಲ್ಲಿ ನಿಂತಿತು. ಬೆಳಗಾಗುವಷ್ಟರಲ್ಲಿ ಟಿಪ್ಪುವಿನ ತೋಪುಗಳು ದಾರಿಯ ಮೇಲಿದ್ದವು, ಹೈದರನ ಮುಖ್ಯ ಸೇನೆಯೂ ಬಂದು ಸುತ್ತಿಕೊಂಡಿತು. ಮದ್ದಿನ ಬಂಡಿಗಳು ಸಿಡಿದವು, ಬೇಲಿ ಶರಣಾದ. ಮನ್ರೊ ಭಾರಿ ತೋಪುಗಳನ್ನು ಕಂಚಿಯ ಕೆರೆಗೆ ತಳ್ಳಿ ಹಿಂದೆಗೆದ. 1781ರ ಆಗಸ್ಟ್ 27ರಂದು ಕಂಪನಿಯ ಸೇನಾನಿ ಐರ್ ಕೂಟ್ ಮತ್ತು ಹೈದರ್ ಇದೇ ಊರಿನ ಬಳಿ ಇನ್ನೊಂದು ಕದನ ಮಾಡಿದರು. ಎರಡರ ಸೇನಾಪಟ್ಟಿ ಕಲಸಿಹೋಗುವುದು ಸಾಮಾನ್ಯ, ಆದ್ದರಿಂದ ಮೂಲ ಹುಡುಕುವಾಗ ಮೊದಲು ಇಸವಿ ನೋಡಿ.

ಬೇಲಿಯ ಇಕ್ಕಟ್ಟು ಇದು: ಸಾಲುಗಟ್ಟಿ ನಡೆದರೆ ಕಂಚಿ ಹತ್ತಿರವಾಗುತ್ತದೆ, ಆದರೆ ಕುದುರೆ ದಾಳಿಗೆ ಪಕ್ಕ ತೆರೆದಿರುತ್ತದೆ. ನಿಂತು, ನಾಲ್ಕೂ ಕಡೆ ಮುಖ ಮಾಡಿದ ಕಾಲಾಳುಗಳ ಚೌಕ ಕಟ್ಟಿದರೆ ಕುದುರೆ ಬಳಿ ಸುಳಿಯದು, ಆದರೆ ತೋಪಿಗೂ ರಾಕೆಟ್ಟಿಗೂ ಅದಕ್ಕಿಂತ ಒಳ್ಳೆಯ ಗುರಿ ಇಲ್ಲ. ಮನ್ರೊ ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಸಿನಾರಿಯೊದ ಪ್ರತಿ ಅಂಕಿಯೂ ಈ ಇಕ್ಕಟ್ಟನ್ನು ಬಿಗಿಯಾಗಿಡಬೇಕು.

ಅಳತೆಯಿಂದ ಶುರು ಮಾಡಿ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಮೇಜು. ಒಂದು ಇಂಚಿಗೆ 25 ಮೀಟರ್ ಎಂದಿಟ್ಟರೆ ಮೇಜು 1,800 ಮೀಟರ್ ಉದ್ದ, 1,200 ಮೀಟರ್ ಅಗಲದ ನೆಲ. ಕಂಚಿ ಇದರಲ್ಲಿ ಹಿಡಿಸುವ ಮಾತೇ ಇಲ್ಲ, ಅದು ಮೇಜಿನ ಆಚೆ ಉಳಿಯಲಿ. 100 ಮೀಟರ್ ಮುಟ್ಟುವ ಮಸ್ಕೆಟ್ ಬಂದೂಕು 4 ಇಂಚು, 300 ಮೀಟರ್ ಮುಟ್ಟುವ ತೋಪಿನ ಚೂರುಗುಂಡು 12 ಇಂಚು. ಒಂದು ಬೊಂಬೆಗೆ 40 ಜನ ಎಂದಿಟ್ಟರೆ ಬೇಲಿಗೆ 95 ಬೊಂಬೆ. 15 ಮಿಲಿಮೀಟರ್ ಎತ್ತರದ ಬೊಂಬೆಗಳು ಈ ಮೇಜಿಗೆ ಹಿತ. 28 ಮಿಲಿಮೀಟರಿನವು ನೋಡಲು ಚೆಂದ, ಆದರೆ ದಂಡಿನ ಸಾಲು ಅರ್ಧ ಮೇಜನ್ನೇ ನುಂಗುತ್ತದೆ.

ಮೈಸೂರಿನ ಕಡೆ ತೊಡಕಿದೆ. ಆ ದಂಡಯಾತ್ರೆಗೆ ಹೈದರ್ ತಂದ ಇಡೀ ಸೇನೆಗೆ 90,000ದ ಲೆಕ್ಕ ಹಿಡಿದರೆ 2,250 ಬೊಂಬೆ ಬೇಕು. ಹಿಡಿಸಲು ಜಾಗವಿಲ್ಲ, ಬಣ್ಣ ಬಳಿದು ಮುಗಿಯುವುದಿಲ್ಲ. ಅವರೆಲ್ಲ ಒಂದೇ ಹೊತ್ತಿಗೆ ಕೈ ಮಾಡಿದವರೂ ಅಲ್ಲ. ಟಿಪ್ಪುವಿನ 10,000ಕ್ಕೆ 250 ಬೊಂಬೆ ಇಟ್ಟು, ಹೈದರನ ಸೇನೆಗೆ ಇನ್ನೊಂದು 150 ಇಟ್ಟು, ಚದುರಿದ ಕುದುರೆ ದಳಗಳು ಎರಡು ಸರದಿ ಬಿಟ್ಟು ಮೇಜಿನ ಅಂಚಿನಿಂದ ಹೊಸದಾಗಿ ಬರಲಿ ಎಂದು ಬರೆಯಿರಿ. ಎಷ್ಟು ಕೊಂದರೂ ತೀರದ ಸೇನೆಯ ಅನುಭವ ಬೇಲಿಯ ಆಟಗಾರನಿಗೆ ಆಗ ಬರುತ್ತದೆ. ಕಾಲಾಳು ಮತ್ತು ತೋಪುಗಳಿಗೆ ಈ ಸವಲತ್ತು ಬೇಡ. ಕೊಟ್ಟರೆ ಮೈಸೂರಿನ ಆಟಗಾರ ಅವುಗಳನ್ನು ಜೋಪಾನ ಮಾಡುವುದನ್ನೇ ಬಿಡುತ್ತಾನೆ.

ಇನ್ನು ಸಮಯ. ಹೆಚ್ಚಿನ ಸಿನಾರಿಯೊಗಳು ಮುಗ್ಗರಿಸುವುದು ಇಲ್ಲೇ. ಬೇಲಿಯ ದಂಡಿನ ಮುಂದಲೆ ಒಂದು ಅಂಚಿನಿಂದ 12 ಇಂಚು ಒಳಗೆ ಇರಲಿ; ಅವನು ದಾಟಬೇಕಾದ ಎದುರು ಅಂಚು ಅಲ್ಲಿಂದ 60 ಇಂಚು. ಕಾಲಾಳು ಸಾಲಿನಲ್ಲಿ ಸರದಿಗೆ 6 ಇಂಚು ನಡೆದರೆ ಯಾರೂ ತಡೆಯದಿದ್ದರೂ 10 ಸರದಿ ಬೇಕು. ಎತ್ತು ಎಳೆಯುವ ತೋಪು, ಬಂಡಿಗಳು 5 ಇಂಚಿನಂತೆ 12 ಸರದಿ. ಆಟದ ಮಿತಿ 14 ಎಂದಿಡಿ. ತೋಪುಗಳನ್ನು ಕಾಪಾಡಿಕೊಂಡು ಹೋಗುವವನಿಗೆ ನಿಂತು ಕಾದಲು ಎರಡೇ ಸರದಿ ಸಿಗುತ್ತದೆ, ಬಿಟ್ಟು ಹೋಗುವವನಿಗೆ ನಾಲ್ಕು. ಮಿತಿಯನ್ನು 20ಕ್ಕೆ ಏರಿಸಿ ನೋಡಿ, ಬೇಲಿ ನಿಧಾನವಾಗಿ ಚೌಕ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ದಾಟಿಬಿಡುತ್ತಾನೆ. 10ಕ್ಕೆ ಇಳಿಸಿದರೆ ಆಡುವ ಮೊದಲೇ ಸೋತಿರುತ್ತಾನೆ.

ಮದ್ದಿನ ಬಂಡಿ ಸಿಡಿಯುವುದನ್ನು ಇಂಥ ಸರದಿಗೆ ಎಂದು ಬರೆದಿಡುವವರಿದ್ದಾರೆ. ಅದು ಆಟಗಾರನ ಕೈ ಕಟ್ಟಿದಂತೆ. ಬಂಡಿಯ 6 ಇಂಚಿನೊಳಗೆ ತೋಪು ಅಥವಾ ರಾಕೆಟ್‌ನ ಪೆಟ್ಟು ಬಿದ್ದಾಗಲೆಲ್ಲ ಎರಡು ದಾಳ ಎಸೆದು 11 ಅಥವಾ 12 ಬಿದ್ದರೆ ಸಿಡಿಯಲಿ. ಒಂದು ಎಸೆತಕ್ಕೆ ಇದು ಹನ್ನೆರಡರಲ್ಲಿ ಒಂದು ಸಾಧ್ಯತೆ. ಆಟದಲ್ಲಿ ಅಂಥ 12 ಪೆಟ್ಟು ಬಿದ್ದರೆ ಒಮ್ಮೆಯಾದರೂ ಸಿಡಿಯುವ ಸಾಧ್ಯತೆ ಶೇಕಡಾ 65. ಬಂಡಿಗಳನ್ನು ದೂರ ದೂರ ಇಟ್ಟರೆ ಅಪಾಯ ತಗ್ಗುತ್ತದೆ, ಆದರೆ ಕಾಯಬೇಕಾದ ಸಾಲು ಉದ್ದವಾಗುತ್ತದೆ. ಆ ಆಯ್ಕೆ ಆಟಗಾರನದೇ ಆಗಬೇಕು.

ದಾಳದ ಲೆಕ್ಕದಲ್ಲಿ ಮೋಸ ಹೋಗುವುದು ಮನ್ರೊನ ವಿಷಯದಲ್ಲಿ. ಏಳನೆಯ ಸರದಿಯಿಂದ ಪ್ರತಿ ಸಲ ಒಂದು ದಾಳ, 6 ಬಿದ್ದರೆ ಮನ್ರೊ ಬರುತ್ತಾನೆ ಎಂದರೆ ಅಪರೂಪ ಅನ್ನಿಸುತ್ತದೆ. ಎಂಟು ಎಸೆತದಲ್ಲಿ ಒಮ್ಮೆಯಾದರೂ 6 ಬೀಳುವುದು ಶೇಕಡಾ 77! ಎರಡು ದಾಳ, 11 ಅಥವಾ 12 ಎಂದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಇದನ್ನು ಅಂಪೈರ್ ಮರೆಯಲ್ಲಿ ಎಸೆಯಲಿ. ಬೇಲಿಯ ಆಟಗಾರನಿಗೆ 'ಮನ್ರೊ ಹೊರಟಿರಬಹುದು' ಎಂಬಷ್ಟೇ ತಿಳಿದಿರಲಿ. ಎಲ್ಲ ಮೊದಲೇ ಓದಿಕೊಂಡವನಿಂದ ಅಂದಿನ ತಬ್ಬಿಬ್ಬು ಹುಟ್ಟುವುದಿಲ್ಲ. ಕೆಲವರು ಊರು, ಹೆಸರು, ಇಸವಿ ಬದಲಿಸಿ ಸಿನಾರಿಯೊ ಹಂಚುವುದೂ ಇದೇ ಕಾರಣಕ್ಕೆ.

ಸೈನ್ಯದಲ್ಲಿ ಸಮತೋಲನ ತರಲು ಹೋಗಬೇಡಿ. ಬೇಲಿಗೆ ಇನ್ನೆರಡು ದಳ ಸೇರಿಸಿದರೆ ಅದು ಪೊಳ್ಳಿಲೂರು ಆಗುವುದಿಲ್ಲ. ಸಮತೋಲನ ಬರಬೇಕಾದದ್ದು ಗೆಲುವಿನ ಷರತ್ತಿನಲ್ಲಿ. 95ರಲ್ಲಿ 32 ಬೊಂಬೆ ಎದುರು ಅಂಚು ದಾಟಿದರೆ ಬೇಲಿಗೆ ಗೆಲುವು, 10ರಿಂದ 31 ದಾಟಿದರೆ ಡ್ರಾ, ಅದಕ್ಕೂ ಕಡಿಮೆಯಾದರೆ ಮೈಸೂರಿಗೆ ಗೆಲುವು. ಅಂದು ಆದದ್ದಕ್ಕಿಂತ ಚೆನ್ನಾಗಿ ಆಡಿದ ಬೇಲಿಗೆ ಆಗ ಏನಾದರೂ ದಕ್ಕುತ್ತದೆ. ಮೈಸೂರಿನವನಿಗೂ ಒಂದು ಕಡಿವಾಣ ಬೇಕು: ತನ್ನ ಕಾಲಾಳಿನ ಮೂರನೆಯ ಒಂದು ಪಾಲು ಕಳೆದುಕೊಂಡರೆ ಅವನ ಗೆಲುವು ಡ್ರಾ ಆಗಲಿ. ಇಲ್ಲದಿದ್ದರೆ ತೋಪನ್ನು ಮರೆತು ಎಲ್ಲರನ್ನೂ ಒಟ್ಟಿಗೆ ನುಗ್ಗಿಸುತ್ತಾನೆ.

ನೆಲಕ್ಕೆ ಒಂದು ಹಳ್ಳಿ, ಒಂದೆರಡು ಮರಗಳ ಗುಂಪು, ರಸ್ತೆ ಸಾಕು. ಉಡುಪಿಗೆ ಎಲ್ಲರೂ ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಚಿತ್ರ ನೋಡುತ್ತಾರೆ. ಚೌಕ, ಪಲ್ಲಕ್ಕಿಯಲ್ಲಿ ಬೇಲಿ, ಸಿಡಿಯುವ ಬಂಡಿ ಎಲ್ಲ ಅದರಲ್ಲಿವೆ. ಆದರೆ ಅದು ಗೆದ್ದವರು ಬರೆಸಿದ ಚಿತ್ರ, 19ನೆಯ ಶತಮಾನದಲ್ಲಿ ಮತ್ತೆ ಬಣ್ಣ ಕಂಡದ್ದು; ಅದರಿಂದ ದಳಗಳ ಸಂಖ್ಯೆ ಎಣಿಸಬಾರದು. ಟಿಪ್ಪು ಪಟ್ಟಕ್ಕೆ ಬಂದದ್ದು 1782ರ ಕೊನೆಗೆ. ಅವನ ಆಳ್ವಿಕೆಯ ಹುಲಿಪಟ್ಟೆ ಅಂಗಿಯನ್ನು 1780ರ ಎಲ್ಲರಿಗೂ ತೊಡಿಸುವುದು ಅವಸರ.

ಬರೆದಾದ ಮೇಲೆ ಕನಿಷ್ಠ ನಾಲ್ಕು ಸಲ ಆಡಿಸಿ, ಪ್ರತಿ ಸಲ ಆಟಗಾರರು ಕಡೆ ಬದಲಿಸಲಿ. ನಾಲ್ಕರಲ್ಲೂ ಒಂದೇ ಕಡೆ ಗೆದ್ದರೆ ಮೊದಲು 32 ಎಂಬ ಅಂಕಿ ಬದಲಿಸಿ, ಆಮೇಲೆ 14 ಎಂಬ ಮಿತಿ. ಎರಡನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಸೇನಾಪಟ್ಟಿಯನ್ನು ಮುಟ್ಟಲೇಬೇಡಿ.