ಸೂಪರ್‌ಅಯಾನಿಕ್ ಅಂದರೆ ಅತಿವಾಹಕ ಅಲ್ಲ

ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು: ‘ಬಿಸಿ ಮಾಡಿದರೆ ಅತಿವಾಹಕವಾಗುವ ಹರಳು’. ಒಳಗೆ ಓದಿದರೆ ಅದು ಸೂಪರ್‌ಅಯಾನಿಕ್ ಹರಳಿನ ಸುದ್ದಿ. ಇದೇ ತಪ್ಪನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಎರಡು ಪದಗಳ ಮುಂದೆಯೂ ‘ಸೂಪರ್’ ಇದೆ ಅಂತ ಎರಡೂ ಒಂದೇ ಆಗಿಬಿಡುತ್ತವಾ?

ಅತಿವಾಹಕದಲ್ಲಿ ಹರಿಯುವುದು ಎಲೆಕ್ಟ್ರಾನು. 1911ರಲ್ಲಿ ಕಾಮರ್ಲಿಂಗ್ ಓನ್ನೆಸ್ ಪಾದರಸವನ್ನು ಸೊನ್ನೆಗಿಂತ 269 ಡಿಗ್ರಿ ಕೆಳಕ್ಕೆ ತಣ್ಣಗೆ ಮಾಡಿದಾಗ ಕರೆಂಟಿಗೆ ಅದು ಒಡ್ಡುವ ತಡೆ, ಅಂದರೆ ರೋಧವೇ ಇಲ್ಲವಾಯಿತು. ಸೂಪರ್‌ಅಯಾನಿಕ್ ಹರಳಿನಲ್ಲಿ ಹರಿಯುವುದು ಅಯಾನು, ಅಂದರೆ ವಿದ್ಯುದಂಶ ಹೊತ್ತ ಪರಮಾಣು ಅಥವಾ ಪರಮಾಣುಗಳ ಗುಂಪು. ಇಲ್ಲಿ ರೋಧ ಸೊನ್ನೆಯಾಗುವುದಿಲ್ಲ, ಅದರ ಹತ್ತಿರಕ್ಕೂ ಹೋಗುವುದಿಲ್ಲ. ಈ ಹರಳುಗಳ ಪೈಕಿ ಚೆನ್ನಾಗಿ ಹರಿಯಗೊಡುವ ಸೀಸಿಯಂ ಡೈಹೈಡ್ರೋಜನ್ ಫಾಸ್ಫೇಟನ್ನೇ ತಗೊಳ್ಳಿ. ಮನೆಯ ವೈರಿಂಗಿನ ತಾಮ್ರ ಅದಕ್ಕಿಂತ ಕೋಟ್ಯಂತರ ಪಟ್ಟು ಒಳ್ಳೆಯ ವಾಹಕ. ‘ಸೂಪರ್’ ಅಂದದ್ದು ತಾಮ್ರಕ್ಕೆ ಹೋಲಿಸಿ ಅಲ್ಲ. ಬೇರೆ ಗಟ್ಟಿ ವಸ್ತುಗಳಲ್ಲಿ ಅಯಾನು ಎಷ್ಟು ಅಲುಗಾಡುತ್ತದೋ ಅದಕ್ಕೆ ಹೋಲಿಸಿ.

‘ಅಯಾನು’ ಪದದ ಹುಟ್ಟು ಗೊತ್ತಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ ಅನ್ನಿಸುತ್ತದೆ. 1834ರಲ್ಲಿ ವಿಜ್ಞಾನಿ ಫ್ಯಾರಡೆಗೆ ದ್ರಾವಣದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುವ ಕಣಕ್ಕೆ ಹೆಸರು ಬೇಕಿತ್ತು. ಹೆಸರು ಹುಡುಕಿಕೊಟ್ಟವನು ವಿದ್ವಾಂಸ ವ್ಹೀವೆಲ್. ಗ್ರೀಕಿನಲ್ಲಿ ಅದಕ್ಕೆ ‘ಹೋಗುವಂಥದ್ದು’ ಅಂತ ಅರ್ಥ. ಉತ್ತರಾಯಣದ ‘ಅಯನ’ ಇದೆಯಲ್ಲ, ಅದರ ಅರ್ಥವೂ ಹೋಗುವುದು, ಸಾಗುವುದು. ಸಂಸ್ಕೃತದ ಆ ಪದವೂ ಗ್ರೀಕಿನ ಈ ಪದವೂ ಒಂದೇ ಹಳೆಯ ಬೇರಿನವು. ನಮ್ಮ ‘ಅಯಾನು’ ಇಂಗ್ಲಿಷಿನ ದಾರಿಯಲ್ಲಿ ಬಂದದ್ದು ನಿಜ. ಆದರೂ ಸಂಕ್ರಾಂತಿಯ ಅಯನಕ್ಕೆ ಅದು ದೂರದ ನೆಂಟ. ಇದು ನೆನಪಿದ್ದರೆ ಸಾಕು, ಅಯಾನು ಅಂದರೆ ನಡೆಯುವುದು ಅಂತ ಗೊತ್ತಿರುತ್ತದೆ. ಅಡುಗೆ ಉಪ್ಪಿನ ಹರಳಿನಲ್ಲಿ ಅದು ಕೂತಲ್ಲೇ ಕೂತಿರುತ್ತದೆ. ಹರಳು ಗಟ್ಟಿಯಾಗಿರುವಾಗಲೇ ಅದು ದ್ರವದಲ್ಲಿ ನಡೆದಂತೆ ನಡೆದರೆ, ಆಗ ಆ ಹರಳು ಸೂಪರ್‌ಅಯಾನಿಕ್.

ನಡೆಯುವುದು ಪ್ರೋಟಾನು (ಎಲೆಕ್ಟ್ರಾನು ಕಳೆದುಕೊಂಡ ಹೈಡ್ರೋಜನ್) ಆದರೆ ಇನ್ನೂ ಕರಾರುವಾಕ್ಕಾದ ಪದ ಇದೆ: ಸೂಪರ್‌ಪ್ರೋಟಾನಿಕ್. ಇದರ ಮೊದಲ ಒಳ್ಳೆಯ ಉದಾಹರಣೆ ಸೀಸಿಯಂ ಹೈಡ್ರೋಜನ್ ಸಲ್ಫೇಟ್. 1982ರಲ್ಲಿ ಮಾಸ್ಕೋದ ಹರಳು ವಿಜ್ಞಾನ ಸಂಸ್ಥೆಯ ಬರಾನೊವ್, ಶುವಾಲೊವ್, ಶಾಗಿನಾ ಇದನ್ನು ತೋರಿಸಿದರು. ಬಿಸಿ ಮಾಡುತ್ತಾ ಹೋದರೆ 141 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಅದರ ವಾಹಕತೆ ಒಮ್ಮೆಲೇ ಸಾವಿರ ಪಟ್ಟಿಗೂ ಜಾಸ್ತಿ ಏರುತ್ತದೆ. ನಿಧಾನವಾಗಿ ಅಲ್ಲ, ಒಂದೇ ಜಿಗಿತ.

ಜಿಗಿತದ ಕಾರಣ ತಿಳಿಯಲು ತಾರಸಿಗೆ ಮೋಲ್ಡ್ ಹಾಕುವ ದಿನವನ್ನು ನೆನೆಸಿಕೊಳ್ಳಿ. ಸಾಲಾಗಿ ನಿಂತವರು ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಯಾರೂ ಜಾಗ ಬಿಟ್ಟು ನಡೆಯುವುದಿಲ್ಲ, ಬಾಂಡ್ಲಿ ಮಾತ್ರ ಮೇಲೆ ಹೋಗುತ್ತದೆ. ಆದರೆ ಒಂದು ಕಡೆಯಿಂದ ತಗೊಂಡವನು ಇನ್ನೊಂದು ಕಡೆಗೆ ತಿರುಗಲೇಬೇಕು. ತಿರುಗದಿದ್ದರೆ ಬಾಂಡ್ಲಿ ಇಬ್ಬರ ನಡುವೆಯೇ ಆಚೀಚೆ ಆಗುತ್ತಿರುತ್ತದೆ. ಇಲ್ಲಿ ಆಳುಗಳು ಸಲ್ಫೇಟ್ ಗುಂಪುಗಳು, ಬಾಂಡ್ಲಿ ಪ್ರೋಟಾನು, ಕೈ ಕೈ ಸೇರುವ ಜಾಗ ಹೈಡ್ರೋಜನ್ ಬಂಧ. ತಣ್ಣಗಿರುವ ಹರಳಿನಲ್ಲಿ ಸಲ್ಫೇಟುಗಳು ಮುಖ ತಿರುಗಿಸದೆ ನಿಂತಲ್ಲೇ ನಿಂತಿರುತ್ತವೆ. 141 ದಾಟಿದ ಮೇಲೆ ಹರಳಿನ ಜೋಡಣೆಯೇ ಬೇರೆಯಾಗಿ, ಅವು ಸೆಕೆಂಡಿಗೆ ಸುಮಾರು ಹತ್ತು ಸಾವಿರ ಕೋಟಿ ಸಲದ ಲೆಕ್ಕದಲ್ಲಿ ದಿಕ್ಕು ಬದಲಿಸುತ್ತವೆ. ಪ್ರೋಟಾನು ದಾಟುವುದು ಅದಕ್ಕಿಂತ ನಿಧಾನ, ಸೆಕೆಂಡಿಗೆ ನೂರು ಕೋಟಿ ಸಲದ ಆಸುಪಾಸು. ದಪ್ಪನೆಯ ಸೀಸಿಯಂ ನಡುವೆ ಇರುವುದರಿಂದ ಸಲ್ಫೇಟಿಗೆ ತಿರುಗಲು ಜಾಗ ಸಿಗುತ್ತದೆ.

‘ಅಂದರೆ ಹರಳು ಅರ್ಧ ಕರಗಿದೆ’ ಅನ್ನುವವರೂ ಇದ್ದಾರೆ. ದಯವಿಟ್ಟು ಬೇಡ. ಈ ಹರಳು ಕರಗುವುದು 200 ಡಿಗ್ರಿ ದಾಟಿದ ಮೇಲೆ. ಸೀಸಿಯಂ ಮತ್ತು ಗಂಧಕ ತಮ್ಮ ತಮ್ಮ ಜಾಗದಲ್ಲೇ ಇವೆ, ಕೈಯಲ್ಲಿ ಹಿಡಿದರೆ ಗಟ್ಟಿ ವಸ್ತುವೇ. ಬೆಳ್ಳಿ ಅಯೊಡೈಡಿನ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ ನಡೆಯುವುದು ಬೆಳ್ಳಿಯ ಅಯಾನು, ಜಿಗಿತ 147 ಡಿಗ್ರಿಯಲ್ಲಿ. ಟುಬಾಂಟ್ ಮತ್ತು ಲೊರೆಂಟ್ಸ್ 1914ರಲ್ಲೇ ಅದನ್ನು ಅಳೆದರು. ಮುಂದೆ ಅದು ನಿಜಕ್ಕೂ ಕರಗಿದಾಗ ವಾಹಕತೆ ಏರುವ ಬದಲು ಸ್ವಲ್ಪ ಇಳಿಯುತ್ತದೆ. ದ್ರವಕ್ಕಿಂತ ಗಟ್ಟಿ ಹರಳೇ ಮೇಲು!

ಉಪಯೋಗ ಏನು ಅಂತ ಕೇಳುವವರಿಗೆ: ಫ್ಯುಯೆಲ್ ಸೆಲ್, ಅಂದರೆ ಹೈಡ್ರೋಜನ್‌ನಂಥ ಇಂಧನದಿಂದ ನೇರವಾಗಿ ಕರೆಂಟ್ ತೆಗೆಯುವ ಸಾಧನ. 2001ರಲ್ಲಿ ಅಮೆರಿಕದ ವಿಜ್ಞಾನ ಸಂಸ್ಥೆ ಕ್ಯಾಲ್‌ಟೆಕ್‌ನ ಸೋಸಿನಾ ಹೈಲೆ ತಂಡ ಇದೇ ಸಲ್ಫೇಟ್ ಹರಳನ್ನು ಸೆಲ್ಲಿನ ನಡುವೆ ಇಟ್ಟು ಕರೆಂಟ್ ತೆಗೆಯಿತು. ಆದರೆ ಹೈಡ್ರೋಜನ್ ತಾಗಿ ಅದರೊಳಗಿನ ಗಂಧಕ ಕೊಳೆತ ಮೊಟ್ಟೆಯ ವಾಸನೆಯ ಅನಿಲವಾಗುತ್ತದೆ. ಹಾಗಾಗಿ ಮುಂದೆ ಅದೇ ತಂಡ ಮೊದಲು ಹೇಳಿದ ಸೀಸಿಯಂ ಫಾಸ್ಫೇಟಿಗೆ ಹೋಯಿತು. ಅದರ ಜಿಗಿತ 230 ಡಿಗ್ರಿ ಸುಮಾರಿಗೆ. ಅಷ್ಟು ಬಿಸಿಯಲ್ಲಿ ಅದು ತನ್ನೊಳಗಿನ ನೀರು ಬಿಟ್ಟುಕೊಡದಂತೆ ಸುತ್ತಲೂ ಹಬೆ ಇಟ್ಟಿರಬೇಕು. ಈ ಹಬೆಯ ಮಾತು ಮೊನ್ನೆಯ ಆ ಬರಹದಲ್ಲೂ ಇತ್ತು. ಅತಿವಾಹಕಕ್ಕೆ ಬೇಕಾದದ್ದು ಚಳಿ, ಹಬೆಯಲ್ಲ. ಅದನ್ನು ನೋಡಿಯಾದರೂ ಬರೆದವರಿಗೆ ‘ಅತಿವಾಹಕ’ ಪದದ ಮೇಲೆ ಅನುಮಾನ ಬರಬೇಕಿತ್ತು.