ಶಫೆನ್: ಗೇಯೋದಾ, ಗೆಲ್ಲೋದಾ?

ನನ್ನ ಹತ್ತಿರ ಜರ್ಮನ್ ಕಲಿತು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕೆಲಸಕ್ಕೆ ಹೋದ ವಿದ್ಯಾರ್ಥಿಯೊಬ್ಬ ಮೊದಲ ವಾರವೇ ಫೋನ್ ಮಾಡಿದ. ಶನಿವಾರ ಬೆಳಿಗ್ಗೆ ಮೆಟ್ಟಿಲ ಹತ್ತಿರ ಸಿಕ್ಕ ಮನೆ ಓನರ್ ಅಜ್ಜಿ, "ಶಫೆಟ್ ಸೆ ಹೈಟ್?" ಅಂದರಂತೆ. ಇವನು ಎದೆಯುಬ್ಬಿಸಿ "ಯಾ, ದಸ್ ಶಫೆ ಇಶ್!" ಅಂದ. ಅಜ್ಜಿ ಕೇಳಿದ್ದು "ಇವತ್ತು ಕೆಲಸ ಇದೆಯೇನಪ್ಪಾ?" ಅಂತ. ಇವನು ಹೇಳಿದ್ದು "ಅದು ನನ್ನ ಕೈಲಿ ಆಗುತ್ತೆ!" ಅಂತ.

ತಪ್ಪು ಅವನದಲ್ಲ, ನಮ್ಮ ಪಠ್ಯಪುಸ್ತಕಗಳದು. ಅವು 'ಕೆಲಸ ಮಾಡು' ಅನ್ನೋದಕ್ಕೆ 'ಆರ್ಬೈಟೆನ್' ಕಲಿಸಿ ಸುಮ್ಮನಾಗುತ್ತವೆ. ನೈರುತ್ಯ ಜರ್ಮನಿಯ ಶ್ವಾಬಿಯಾ (ಸ್ಟುಟ್‌ಗಾರ್ಟ್ ಇರುವ ಸೀಮೆ), ಬಾಡೆನ್, ಪ್ಫಾಲ್ಟ್ಸ್, ಮತ್ತೆ ಸ್ವಿಟ್ಜರ್ಲೆಂಡ್ ಕಡೆ ಜನ ಅದಕ್ಕೆ ಬಳಸುವುದು 'ಶಫೆನ್', ಬಾಯಲ್ಲಿ 'ಶಫೆ'. ಕೊನೆಯ 'ನ್' ಅವರಿಗೆ ಬೇಡ. ಸ್ಟುಟ್‌ಗಾರ್ಟ್‌ನಲ್ಲಿ "ನಾನು ಬಾಷ್ ಕಂಪನಿಯಲ್ಲಿದ್ದೀನಿ" ಅನ್ನಲು "ಇ ಶಫ್ ಬೈಮ್ ಬಾಷ್" ಅಂದರೆ ಸಾಕು. (ಹ್ರಸ್ವ ದೀರ್ಘ ಮಾತ್ರ ಜೋಪಾನ: 'ಶಾಫೆ' ಅಂತ ಎಳೆದರೆ ಕುರಿಗಳಾಗುತ್ತವೆ.)

ಇಂದಿನ ಜರ್ಮನ್‌ನಲ್ಲಿ 'ಶಫೆನ್' ಒಂದೇ ರೂಪದ ಎರಡು ಕ್ರಿಯಾಪದ. ಭೂತಕಾಲಕ್ಕೆ ಹೋದಾಗ ಗುಟ್ಟು ರಟ್ಟಾಗುತ್ತದೆ. 'ಶೂಫ್, ಗೆಶಫೆನ್' ಅಂದರೆ ಸೃಷ್ಟಿಸಿದ. ಮಾರ್ಟಿನ್ ಲೂಥರ್ ಜರ್ಮನ್‌ಗೆ ತಂದ ಬೈಬಲಿನ ಮೊದಲ ವಾಕ್ಯದಲ್ಲಿ ದೇವರು ಭೂಮ್ಯಾಕಾಶಗಳನ್ನು ಮಾಡಿದ್ದು ಈ 'ಶೂಫ್'ನಿಂದ. 'ಶಫ್ಟೆ, ಗೆಶಫ್ಟ್' ಅಂದರೆ ಸಾಧಿಸಿದ, ದಕ್ಕಿಸಿಕೊಂಡ. 2015ರ ಆಗಸ್ಟ್ 31ರಂದು ನಿರಾಶ್ರಿತರ ವಿಚಾರದಲ್ಲಿ ಆಗಿನ ಜರ್ಮನ್ ಚಾನ್ಸಲರ್ ಅಂಗೆಲಾ ಮರ್ಕೆಲ್ "ವಿರ್ ಶಫೆನ್ ದಸ್" ಅಂದಾಗ ಬಳಸಿದ್ದು ಈ ಎರಡನೆಯದನ್ನು. ಕನ್ನಡದಲ್ಲಿ "ನಮ್ಮ ಕೈಲಾಗುತ್ತೆ". ದಿನವಿಡೀ ದುಡಿದು ಸುಸ್ತಾದವನೂ "ಇಶ್ ಬಿನ್ ಗೆಶಫ್ಟ್" ಅನ್ನುತ್ತಾನೆ. ಅದು ಗೆದ್ದವನ ಮಾತಲ್ಲ, ಹೈರಾಣಾದವನದು.

ಬೇರು ಜರ್ಮನ್, ಇಂಗ್ಲಿಷ್‌ಗಳ ಪೂರ್ವಜ ಭಾಷೆಯಾದ ಹಳೆಯ ಜರ್ಮಾನಿಕ್‌ನದು. ಇಂಗ್ಲಿಷಿನ 'ಶೇಪ್' ಇದರ ದಾಯಾದಿ. ಸ್ನೇಹಕ್ಕೆ ಜರ್ಮನ್ನರು ಅನ್ನುವ 'ಫ್ರಾಯ್ಂಡ್‌ಶಫ್ಟ್'ನ ಬಾಲವೂ, ವ್ಯಾಪಾರ ಅನ್ನುವ 'ಗೆಶೆಫ್ಟ್' ಕೂಡ ಇದೇ ಮನೆತನ. ಶ್ವಾಬಿಯನ್ನರು ಕಾರ್ಖಾನೆಗೆ ಹೊರಟರೂ "ಗೆಶೆಫ್ಟ್‌ಗೆ ಹೋಗ್ತೀನಿ" ಅನ್ನುವವರು.

ಸೃಷ್ಟಿ ಎಲ್ಲಿ, ಕೂಲಿ ಎಲ್ಲಿ ಅಂತ ತರಗತಿಯಲ್ಲಿ ಪ್ರಶ್ನೆ ಬರುತ್ತದೆ. ನಾನು ಮಂಡ್ಯದ ಕಡೆಯ ಹುಡುಗರನ್ನು ಮಾತಿಗೆಳೆಯುತ್ತೇನೆ. ಹಳಗನ್ನಡದಲ್ಲಿ 'ಗೆಯ್' ಅಂದರೆ ಬರೀ 'ಮಾಡು'. ಕಾವ್ಯದಲ್ಲಿ ರಾಜರು ಯುದ್ಧವನ್ನೂ ಗೆಯ್ದರು. ಇವತ್ತು ಅದು ಉಳಿದಿರುವುದು ಹೊಲದಲ್ಲಿ, ಗೇಯೋದು, ಗೇಯ್ಮೆ ಅಂತ, ಬೆವರಿನ ವಾಸನೆಯೊಂದಿಗೆ. ಮಾಡುವುದೆಂಬ ಅರ್ಥ ದುಡಿಮೆಗೆ ಇಳಿಯಲು ಬೇರೆ ದೇಶವೇನೂ ಬೇಕಿಲ್ಲ.

ಇನ್ನು ಮ್ಯೂನಿಕ್‌ಗೆ ಹೋಗುವವರಿಗೆ. ಶಿಷ್ಟ ಜರ್ಮನ್‌ನಲ್ಲಿ 'ಅನ್‌ಶಫೆನ್' ಅಂದರೆ ಫ್ರಿಜ್ಜೋ ಕಾರೋ ಕೊಂಡು ತರುವುದು. ಮ್ಯೂನಿಕ್ ಇರುವ ಬವೇರಿಯಾದಲ್ಲೂ ಆಸ್ಟ್ರಿಯಾದಲ್ಲೂ ಅದು ಅಪ್ಪಣೆ ಕೊಡುವುದು. "ವೇರ್ ಟ್ಸಾಲ್ಟ್, ಶಫ್ಟ್ ಅನ್" ಅನ್ನುತ್ತಾರೆ: ದುಡ್ಡು ಕೊಡುವವನದೇ ಹುಕುಂ. ಹಾಗಾಗಿ ಬಾಸ್ ಏನೋ 'ಅನ್‌ಗೆಶಫ್ಟ್' ಮಾಡಿದ್ದಾರೆ ಅಂತ ಕೇಳಿದರೆ ಹೊಸ ಕಂಪ್ಯೂಟರ್ ಬಂತೆಂದು ಹಿಗ್ಗಬೇಡಿ.

ಅಂಗಡಿಗೆ ಹೊರಟಾಗ "ಇಶ್ ಗೇಹೆ ಅನ್‌ಶಫೆನ್" ಅಂತಲೂ ಅನ್ನಬೇಡಿ. ಅದು ಮೈ ಮಾರುವ ದಂಧೆಗೆ ಹೊರಟವರ ಮಾತು. 'ಐನ್‌ಕೌಫೆನ್' ಅನ್ನಿ, ಸಾಮಾನು ತರೋಕೆ ಅಷ್ಟು ಸಾಕು.