ಎರಡು ದಿಕ್ಕಿಗೂ ಕಿವಿಗೊಡುವ ಜೋಡಿ ತಂತಿ

ಹವ್ಯಾಸಿ ರೇಡಿಯೋದ 160 ಮೀಟರ್ ಬ್ಯಾಂಡಿನಲ್ಲಿ, ಅಂದರೆ ಸುಮಾರು ಅಷ್ಟು ತರಂಗಾಂತರದ ರೇಡಿಯೋ ಅಲೆಗಳಲ್ಲಿ, ದೂರದ ಕೇಂದ್ರಗಳು ಕೇಳಿಸದಂತೆ ಮಾಡುವುದು ಬಹುಮಟ್ಟಿಗೆ ಗದ್ದಲವೇ. ಮಿಂಚಿನಿಂದ, ಊರಿನ ವಿದ್ಯುತ್ ಉಪಕರಣಗಳಿಂದ ಹೊರಟು ಬರುವ ಈ ಗದ್ದಲ ರಿಸೀವರಿನ ಒಳಗೇ ಹುಟ್ಟುವ ಸದ್ದಿಗಿಂತ ಎಷ್ಟೋ ಪಟ್ಟು ಜೋರಾಗಿರುವುದರಿಂದ, ಕೇಳುವ ಆಂಟೆನಾ ಹೆಚ್ಚು ಶಕ್ತಿಯನ್ನು ಹಿಡಿಯಬೇಕಾಗಿಲ್ಲ. ಬೇಕಾದ ದಿಕ್ಕನ್ನು ಆರಿಸಿಕೊಂಡರೆ ಸಾಕು.

ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಬೆವರೇಜ್ 1921ರಲ್ಲಿ ಅಮೆರಿಕದ ಪೇಟೆಂಟ್ ಪಡೆದ, ನೆಲದಿಂದ ತುಸು ಮೇಲೆ ಉದ್ದಕ್ಕೆ ಎಳೆದ ತಂತಿಯ ಆಂಟೆನಾ ಮಾಡುವುದು ಇದನ್ನೇ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಹವ್ಯಾಸಿ ಪಾಲ್ ಗಾಡ್ಲಿ ಸ್ಕಾಟ್‌ಲೆಂಡಿನ ಆರ್ಡ್ರಾಸನ್‌ನಲ್ಲಿ ಸುಮಾರು 400 ಮೀಟರ್ ಉದ್ದದ ಇಂಥ ತಂತಿಯನ್ನು ಎಳೆದು, ಅಟ್ಲಾಂಟಿಕ್ ಆಚೆಯ ಅಮೆರಿಕನ್ ಹವ್ಯಾಸಿಗಳ ಸಂಕೇತಗಳನ್ನು ಕೇಳಿದರು. ನೆಲದ ಮೇಲೆ ಹಾದುಬರುವ ತರಂಗದ ಬುಡ ಮಣ್ಣಿನಲ್ಲಿ ಶಕ್ತಿ ಕಳೆದುಕೊಂಡು ಹಿಂದೆ ಬೀಳುತ್ತದೆ. ಹೀಗೆ ಮುಂದಕ್ಕೆ ವಾಲಿದ ತರಂಗ ತಂತಿಯುದ್ದಕ್ಕೂ ಪ್ರವಾಹವನ್ನು ಪ್ರೇರಿಸುತ್ತ, ಅದು ತನ್ನ ಜೊತೆಜೊತೆಗೇ ಸಾಗಿ ಬೆಳೆಯುವಂತೆ ಮಾಡುತ್ತದೆ. ಆದ್ದರಿಂದಲೇ ಒಣ, ಕಲ್ಲು ನೆಲ ಇದಕ್ಕೆ ಒಗ್ಗುತ್ತದೆ, ಉಪ್ಪುನೀರಿನ ಜೌಗು ಒಗ್ಗುವುದಿಲ್ಲ.

ಒಂಟಿ ತಂತಿಯಲ್ಲಿ ವಿರುದ್ಧ ದಿಕ್ಕಿನ ಸಂಕೇತವು ರಿಸೀವರಿನಿಂದ ದೂರದ ತುದಿಯಲ್ಲಿ ತಂತಿಗೂ ನೆಲಕ್ಕೂ ನಡುವೆ ಹಾಕಿದ ರೋಧಕದಲ್ಲಿ ಕರಗಿಹೋಗುತ್ತದೆ. ಅದನ್ನು ಉಳಿಸಿಕೊಳ್ಳುವ ಉಪಾಯವೇ ಜೋಡಿ ತಂತಿ. ಬೆಂಗಳೂರಿನಿಂದ ವಾಯವ್ಯಕ್ಕೆ ಯುರೋಪ್, ಹೆಚ್ಚುಕಡಿಮೆ ಅದರ ಬೆನ್ನಿಗೇ ಆಗ್ನೇಯಕ್ಕೆ ಆಸ್ಟ್ರೇಲಿಯಾ ಇರುವುದರಿಂದ, ಇಲ್ಲಿನ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೋದವರಿಗೆ, 160 ಮೀಟರ್ ಉದ್ದದ ಒಂದೇ ಸಾಲು ಎರಡಕ್ಕೂ ಆದೀತು. ಎರಡೂ ತಂತಿಗಳು ಸೇರಿ ಒಂದೇ ತಂತಿಯಂತೆ ಸಂಕೇತವನ್ನು ಹಿಡಿಯುತ್ತವೆ. ದೂರದ ತುದಿಗೆ ಬೆಳೆದುಕೊಂಡು ಹೋದ ಸಂಕೇತವನ್ನು ಅಲ್ಲಿನ ಟ್ರಾನ್ಸ್‌ಫಾರ್ಮರ್ ಎರಡು ತಂತಿಗಳ ನಡುವಿನ ವೋಲ್ಟೇಜಾಗಿ ಬದಲಿಸುತ್ತದೆ, ಅದು ಅದೇ ಜೋಡಿಯನ್ನು ಕೇಬಲ್ಲಿನಂತೆ ಬಳಸಿಕೊಂಡು ಮರಳಿ ಬರುತ್ತದೆ. ಹತ್ತಿರದ ತುದಿಯ ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿನ ಸಂಕೇತಗಳನ್ನು ಬೇರ್ಪಡಿಸಿ ಎರಡು ಕೇಬಲ್‌ಗಳಿಗೆ ಕೊಡುತ್ತದೆ. ಒಂದೇ ಲೋಹದಲ್ಲಿ ಎರಡು ಸಂಕೇತಗಳು ಪರಸ್ಪರ ತಾಗದೆ ಹೀಗೆ ಹೋಗಿಬರುವುದು ನಿಜಕ್ಕೂ ಸುಂದರವಾದ ಏರ್ಪಾಡು.

ವಿನ್ಯಾಸದ ಕಷ್ಟವೆಲ್ಲ ಇಂಪೀಡೆನ್ಸಿನಲ್ಲಿ, ಅಂದರೆ ಪರ್ಯಾಯ ಪ್ರವಾಹಕ್ಕೆ ತಂತಿಗಳು ಒಡ್ಡುವ ತಡೆಯಲ್ಲಿದೆ. 2 ಮಿಲಿಮೀಟರ್ ದಪ್ಪದ ತಂತಿಗಳನ್ನು 2 ಮೀಟರ್ ಎತ್ತರದಲ್ಲಿ 30 ಸೆಂಟಿಮೀಟರ್ ಅಂತರದಲ್ಲಿ ಕಟ್ಟಿದರೆ, ಅವು ಒಟ್ಟಾಗಿ ನೆಲಕ್ಕೆ ಸುಮಾರು 330 ಓಮ್, ತಮ್ಮತಮ್ಮ ನಡುವೆ ಸುಮಾರು 680 ಓಮ್ ತೋರಿಸುತ್ತವೆ. 75 ಓಮ್ ಕೇಬಲ್ಲಿಗೆ ಹೊಂದಿಸಲು ಮೊದಲನೆಯದಕ್ಕೆ ಸುರುಳಿಯ ಸುತ್ತುಗಳ ಅನುಪಾತ ಹತ್ತಿರಹತ್ತಿರ 2:1, ಎರಡನೆಯದಕ್ಕೆ 3:1 ಬೇಕು.

ಬಳಸದಿರುವ ಕೇಬಲ್ಲಿನ ತುದಿಗೆ 75 ಓಮ್ ರೋಧಕವನ್ನು ತಪ್ಪದೆ ಹಾಕಬೇಕು, ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಅದಿಲ್ಲದಿದ್ದರೆ ಬೇಡದ ದಿಕ್ಕಿನ ಸಂಕೇತ ಅಲ್ಲಿಂದ ಪ್ರತಿಫಲಿಸಿ, ದೂರದ ತುದಿಗೆ ಹೋಗಿ, ರೂಪ ಬದಲಿಸಿಕೊಂಡು ನಾವು ಕೇಳುತ್ತಿರುವ ಕೇಬಲ್ಲಿಗೇ ಬಂದು ಸೇರುತ್ತದೆ. ಹಗಲಿನಲ್ಲಿ, ತಂತಿಯ ನೇರಕ್ಕಿರುವ ಮೀಡಿಯಂ ವೇವ್ ಕೇಂದ್ರವೊಂದನ್ನು ಎರಡೂ ಕೇಬಲ್‌ಗಳಲ್ಲಿ ಕೇಳಿ ನೋಡಬಹುದು; ಒಂದರಲ್ಲಿ ಜೋರಾಗಿ, ಇನ್ನೊಂದರಲ್ಲಿ ಸ್ಪಷ್ಟವಾಗಿ ಕ್ಷೀಣವಾಗಿ ಕೇಳದಿದ್ದರೆ, ಮೊದಲು ಆ ರೋಧಕವನ್ನೂ ಆಮೇಲೆ ಟ್ರಾನ್ಸ್‌ಫಾರ್ಮರಿನ ಸುತ್ತುಗಳನ್ನೂ ಪರೀಕ್ಷಿಸಬೇಕು.